ಏಕಾಂತವೋ, ಒಂಟಿತನವೋ?
ಸ್ಪ್ಯಾನಿಷ್ ಭಾಷೆಯ ಒಂದು ಪದ, ಕನ್ನಡದ ಎರಡು ಪದಗಳು

1

ಒಂದು ಭಾಷೆ ಒಂದೇ ಪದದಲ್ಲಿ ಹೇಳುವ ಅರ್ಥವನ್ನು ಮತ್ತೊಂದು ಭಾಷೆ ಎರಡು ಪದಗಳಿಗೆ ಹಂಚಿಕೊಟ್ಟಿರುವುದು ಅಪೂರ್ವವೇನಲ್ಲ. ಆದರೆ ಹಾಗೆ ಹಂಚಿಹೋದ ಅರ್ಥವು ಮನುಷ್ಯನ ಅಂತರಂಗದ ಒಂದು ಮುಖ್ಯ ಅನುಭವವಾಗಿದ್ದ ಪಕ್ಷದಲ್ಲಿ ಆ ವ್ಯತ್ಯಾಸ ಕೇವಲ ನಿಘಂಟಿನ ಸಂಗತಿಯಾಗಿ ಉಳಿಯುವುದಿಲ್ಲ. ಅದು ವಿಮರ್ಶೆಯ ಪ್ರಶ್ನೆಯೇ ಆಗುತ್ತದೆ. ಸ್ಪ್ಯಾನಿಷ್ ಭಾಷೆಯ 'ಸೊಲೆದಾದ್' ಅಂಥದೊಂದು ಪದ. ಜೊತೆಯಿಲ್ಲದೆ ಕೊರಗುವವನ ಸ್ಥಿತಿಯೂ ಸೊಲೆದಾದ್. ಜೊತೆ ಬೇಡವೆಂದು ತಾನಾಗಿ ದೂರ ಸರಿದು ಕುಳಿತವನ ಸ್ಥಿತಿಯೂ ಸೊಲೆದಾದ್. ಕನ್ನಡದಲ್ಲಿ ಹೀಗೆ ಹೇಳಲು ಬರುವುದಿಲ್ಲ. ನಮ್ಮಲ್ಲಿ ಮೊದಲನೆಯದು ಒಂಟಿತನ, ಎರಡನೆಯದು ಏಕಾಂತ. ಇವೆರಡರಲ್ಲಿ ಯಾವುದೆಂದು ನಿಶ್ಚಯಿಸದೆ ಕನ್ನಡದ ಲೇಖಕನು ಲೇಖನಿಯನ್ನು ಮುಂದಕ್ಕೆ ನಡೆಸಲಾರನು.

ಈ ತೊಡಕು ಎದ್ದುಕಾಣುವ ಸ್ಥಳ ಒಂದು ಪುಸ್ತಕದ ಹೊದಿಕೆ. ಕೊಲಂಬಿಯಾ ದೇಶದ ಗ್ಯಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಮಹಾಕಾದಂಬರಿ 1967ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಪ್ರಕಟವಾಯಿತು. ಅದರ ಹೆಸರಿನ ಕೊನೆಯ ಪದವೇ ಸೊಲೆದಾದ್. ಅದನ್ನು ಕನ್ನಡಕ್ಕೆ ತಂದ ಎ. ಎನ್. ಪ್ರಸನ್ನ ಅವರು 'ನೂರು ವರ್ಷದ ಏಕಾಂತ' ಎಂದು ಕರೆದರು. ತಮಿಳಿನಲ್ಲಿ ಅದೇ ಕೃತಿ 'ತನಿಮೈಯಿನ್ ನೂರು ಆಂಡುಗಳ್' ಎಂದಾಯಿತು. ತಮಿಳಿನ 'ತನಿಮೈ' ಎಂಬುದು ಸೊಲೆದಾದ್ ಪದದಂತೆಯೇ ಎರಡು ಅರ್ಥಗಳನ್ನೂ ಒಳಗೊಂಡದ್ದರಿಂದ ಅಲ್ಲಿ ಆರಿಸುವ ಕಷ್ಟವೇ ಹುಟ್ಟಲಿಲ್ಲ. ಕನ್ನಡದಲ್ಲಿ ಹುಟ್ಟಿತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾಯಿತು. ಈ ಆಯ್ಕೆ ಸರಿಯಾದದ್ದೆ? 'ನೂರು ವರ್ಷದ ಒಂಟಿತನ' ಎಂದಿದ್ದರೆ ಆಗುತ್ತಿರಲಿಲ್ಲವೆ? ಇದೇ ನಮ್ಮ ಪ್ರಕೃತ ಪ್ರಶ್ನೆ.

ನಾಟ್ರಾಂಪಾಳ್ಯ, ಅಂಚೆಟ್ಟಿ, ತಳಿ ಸೀಮೆಯಲ್ಲಿ ಕನ್ನಡ ಓದುವ, ಓದಿಸುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಮನೆಯಲ್ಲಿ ಕನ್ನಡ, ಬಸ್ಸಿನ ಫಲಕದಲ್ಲಿ ತಮಿಳು, ಹೊಸೂರಿನ ಪೇಟೆಯಲ್ಲಿ ತೆಲುಗು ಕೇಳುವ ನಮ್ಮ ವಿದ್ಯಾರ್ಥಿಗೆ ಪದದಿಂದ ಪದಕ್ಕೆ ದಾಟುವುದು ನಿತ್ಯದ ಕೆಲಸ. ತನಿಮೈ ಎಂದು ಆಡಿದ್ದನ್ನು ಕನ್ನಡದಲ್ಲಿ ಬರೆಯುವಾಗ ಏಕಾಂತವೋ ಒಂಟಿತನವೋ ಎಂಬ ಆಯ್ಕೆಯನ್ನು ಆತನು ತಿಳಿದೋ ತಿಳಿಯದೆಯೋ ಮಾಡುತ್ತಲೇ ಇರುತ್ತಾನೆ. ತಿಳಿದು ಮಾಡುವುದು ಒಳ್ಳೆಯದು.

2

ಮೊದಲು ನಮ್ಮ ಮನೆಯ ಪದಗಳನ್ನು ನೋಡಿಕೊಳ್ಳೋಣ.

'ಒಂಟಿ' ಎಂಬುದು ಎಣಿಕೆಯ ಪದ. ಒಂದು ಎಂಬುದರ ಬಳಗ. ಅದರ ಎದುರು ನಿಲ್ಲುವುದು 'ಜೋಡಿ'. ಒಂಟಿ ಎತ್ತು ಎಂದಾಗ ನೊಗದ ಇನ್ನೊಂದು ಕಡೆ ಬರಿದಾಗಿರುವುದು ಕಣ್ಣಿಗೆ ಕಾಣುತ್ತದೆ. ಒಂಟಿ ಕಾಲು ಎಂದಾಗ ಇನ್ನೊಂದು ಕಾಲಿನ ನೆನಪಾಗುತ್ತದೆ. ನಮ್ಮ ಕಾಡಿನ ಜನ 'ಒಂಟಿ ಸಲಗ' ಎಂದರೆ ಸಾಕು, ಹಿಂಡನ್ನು ಬಿಟ್ಟ ಆನೆಯ ಸಿಟ್ಟೂ ಅದರ ದುಃಖವೂ ಒಟ್ಟಿಗೆ ತಿಳಿಯುತ್ತವೆ. ಎಂದ ಮೇಲೆ, ಒಂಟಿತನ ಎಂಬ ಪದದೊಳಗೆ ಯಾವಾಗಲೂ ಇಲ್ಲದ ಇನ್ನೊಬ್ಬರು ಇರುತ್ತಾರೆ. ಜೊತೆಗಿರಬೇಕಾಗಿತ್ತು, ಇಲ್ಲ ಎಂಬ ಲೆಕ್ಕದ ಕೊರತೆಯೇ ಅದರ ತಿರುಳು.

'ಏಕಾಂತ' ಹಾಗಲ್ಲ. ಏಕ, ಅಂತ ಎಂಬ ಎರಡು ಸಂಸ್ಕೃತ ಪದಗಳು ಕೂಡಿ ಆದದ್ದು. ಒಂದೇ ಕೊನೆ, ಒಂದೇ ಗುರಿ ಎಂದು ಅದರ ಮೂಲಾರ್ಥ. ಜೈನ ದರ್ಶನದಲ್ಲಿ 'ಏಕಾಂತವಾದ' ಎಂದರೆ ವಸ್ತುವಿನ ಒಂದೇ ಮುಖವನ್ನು ಹಿಡಿದು ಅದೇ ಪೂರ್ಣಸತ್ಯವೆಂದು ಸಾಧಿಸುವ ಹಟ. ಅದಕ್ಕೆ ಎದುರಾಗಿಯೇ ಅನೇಕಾಂತವಾದ ಬೆಳೆಯಿತು. ಶಿವಶರಣರ ಪರಂಪರೆಯಲ್ಲಾದರೋ ಅದೇ ಪದ ಗೌರವದ ಬಿರುದಾಯಿತು. ಅಬ್ಬಲೂರಿನ ಶಾಸನ ಕೊಂಡಾಡುವ ಏಕಾಂತದ ರಾಮಯ್ಯನಿಗೆ ಆ ಹೆಸರು ಬಂದದ್ದು ಆತನು ಜೊತೆಯಿಲ್ಲದೆ ಬಳಲಿದನೆಂದಲ್ಲ, ಶಿವನೊಬ್ಬನಲ್ಲೇ ನೆಲೆಸಿದ ಭಕ್ತಿಗಾಗಿ.

ಏಕಾಂತದ ಇನ್ನೊಂದು ಗುಣವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದರಲ್ಲಿ ಇಬ್ಬರಿಗೆ ಎಡೆಯುಂಟು. 'ನಿಮ್ಮೊಡನೆ ಏಕಾಂತದಲ್ಲಿ ಮಾತನಾಡಬೇಕು' ಎಂದು ಹೇಳುತ್ತೇವೆ. ಅರಸನೂ ಮಂತ್ರಿಯೂ ಏಕಾಂತದಲ್ಲಿ ಆಲೋಚಿಸುತ್ತಾರೆ. ತಿರುಮಲೆಯಲ್ಲಿ ರಾತ್ರಿ ದೇವರನ್ನು ಮಲಗಿಸುವ ಕೊನೆಯ ಸೇವೆಗೆ ಏಕಾಂತಸೇವೆಯೆಂದೇ ಹೆಸರು. ಆದುದರಿಂದ ಏಕಾಂತವು ಎಣಿಕೆಯ ಪದವಲ್ಲ. ಅದು ಬಾಗಿಲಿನ ಪದ. ಒಳಗೆ ಎಷ್ಟು ಮಂದಿ ಇದ್ದಾರೆಂಬುದನ್ನು ಅದು ಕೇಳುವುದಿಲ್ಲ. ಹೊರಗಿನವರು ಒಳಗೆ ಬಾರದಂತೆ ಬಾಗಿಲು ಮುಚ್ಚಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಬಾಗಿಲನ್ನು ಮುಚ್ಚಿದವರು ಒಳಗಿರುವವರೇ ಎಂಬುದು ಇಲ್ಲಿ ಮುಖ್ಯ.

ಈ ದೃಷ್ಟಿಯಿಂದ ಅಕ್ಕಮಹಾದೇವಿಯ ವಚನಗಳನ್ನು ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನೆಯನ್ನೂ ಮದುವೆಯನ್ನೂ ಲೋಕದ ನಾಚಿಕೆಯನ್ನೂ ಬಿಟ್ಟು ನಡೆದ ಆಕೆ ಹೊರನೋಟಕ್ಕೆ ಒಬ್ಬಂಟಿ. ಆದರೆ ಆಕೆಯ ಪ್ರತಿಯೊಂದು ವಚನವೂ ಚೆನ್ನಮಲ್ಲಿಕಾರ್ಜುನನನ್ನು ಕುರಿತು ಆಡಿದ ಮಾತು. ಕೇಳುವವನು ಒಬ್ಬನು ಎದುರಿಗಿದ್ದಾನೆ. ಆದುದರಿಂದ ಆಕೆಯದು ಇಬ್ಬರ ಏಕಾಂತ. ಆ ಕೇಳುವವನು ಮರೆಯಾದ ಕ್ಷಣದಲ್ಲಿ ಮಾತ್ರ ಆಕೆಯ ವಚನದಲ್ಲಿ ಅಗಲಿಕೆಯ ಕೂಗು ಏಳುತ್ತದೆ. ಏಕಾಂತವೂ ಒಂಟಿತನವೂ ಒಂದೇ ಬಾಳಿನಲ್ಲಿ ಹೇಗೆ ಅಕ್ಕಪಕ್ಕದಲ್ಲಿರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಗ್ರಂಥಸ್ಥವಾದ ಈ ಎರಡು ಪದಗಳಿಗಿಂತ ಆಡುಮಾತು ಶ್ರೀಮಂತವಾಗಿದೆ. ಮಗಳು ಗಂಡನ ಮನೆಗೆ ಹೋದ ಮರುದಿನ ತಾಯಿ 'ನಾನು ಒಂಟಿಯಾದೆ' ಎನ್ನುವುದಿಲ್ಲ. 'ಮನೆ ಬಿಕೋ ಅನ್ನುತ್ತದೆ' ಎನ್ನುತ್ತಾಳೆ. ದುಃಖ ಆಕೆಯದು, ಅದನ್ನು ಆಡುವುದು ಮನೆ. 'ಬೇಸರವಾಗುತ್ತದೆ' ಎಂದು ಅಜ್ಜ ಹೇಳಿದರೆ ಯಾರಾದರೂ ಬಂದು ಕುಳಿತುಕೊಳ್ಳಲಿ ಎಂದು ಅದರ ತಾತ್ಪರ್ಯ. 'ನನಗೆ ದಿಕ್ಕಿಲ್ಲ' ಎಂಬಲ್ಲಿ ನೆರವಿನ ಮನುಷ್ಯರೇ ದಿಕ್ಕುಗಳಾಗಿದ್ದಾರೆ. 'ತಬ್ಬಲಿ' ಎಂಬಲ್ಲಿ ತಾಯಿಯಿಲ್ಲದ ಕರು ಬಂದು ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ 'ಪರದೇಶಿ' ಎಂಬ ಪದವನ್ನು ನೋಡಬೇಕು. ಬೇರೆ ದೇಶದವನು ಎಂಬುದು ಅದರ ಅಕ್ಷರಾರ್ಥ. ಆದರೆ ತಾಯಿತಂದೆಗಳನ್ನು ಕಳೆದುಕೊಂಡ, ಹುಟ್ಟಿದ ಊರನ್ನು ಒಂದು ದಿನವೂ ಬಿಡದ ಮಗುವನ್ನು ಕೂಡ ನಮ್ಮ ಜನ ಪರದೇಶಿಯೆಂದು ಕರೆಯುತ್ತಾರೆ. ತನ್ನವರಿಲ್ಲದ ಊರು ಪರದೇಶವೇ ಎಂಬ ತಿಳಿವಳಿಕೆ ಆ ಒಂದು ಪದದಲ್ಲಿದೆ.

3

ಇನ್ನು ಸ್ಪ್ಯಾನಿಷ್ ಪದದ ಕಡೆಗೆ ತಿರುಗೋಣ.

ಸೊಲೆದಾದ್ ಎಂಬುದಕ್ಕೆ ಮೂಲ 'ಸೋಲೋ'. ಗಂಡಸಿಗೆ ಸೋಲೋ, ಹೆಂಗಸಿಗೆ ಸೋಲಾ. ನಮ್ಮ ಒಬ್ಬನೇ, ಒಬ್ಬಳೇ ಎಂಬಂತೆ. ಇನ್ನೂ ಒಂದು ಹೋಲಿಕೆಯುಂಟು. ಸೋಲೋ ಎಂದರೆ 'ಜೊತೆಯಿಲ್ಲದೆ' ಎಂದೂ ಆಗುತ್ತದೆ, 'ಮಾತ್ರ' ಎಂದೂ ಆಗುತ್ತದೆ. ನಮ್ಮ ಅವಧಾರಣೆಯ 'ಏ'ಕಾರವೂ ಅಂತೆಯೇ. 'ನಾನೊಬ್ಬನೇ ಬಂದೆ' ಎಂಬ ವಾಕ್ಯದಲ್ಲಿ ಜೊತೆಗಾರರಿಲ್ಲದೆ ಬಂದೆನೆಂಬ ಅರ್ಥವೂ ಇದೆ, ಉಳಿದವರಾರೂ ಬರಲಿಲ್ಲವೆಂಬ ಅರ್ಥವೂ ಇದೆ. ಸ್ಪ್ಯಾನಿಷ್ ಬರಹದಲ್ಲಿ ಇವೆರಡನ್ನು ಬೇರ್ಪಡಿಸಲು 'ಮಾತ್ರ' ಎಂಬರ್ಥದ ಪದದ ಸ್ವರದ ಮೇಲೆ ಒಂದು ಸಣ್ಣ ಗೀಟು ಎಳೆಯುವ ರೂಢಿಯಿತ್ತು. 2010ರಲ್ಲಿ ಸ್ಪೇನಿನ ಭಾಷಾ ಅಕಾಡೆಮಿ ಆ ಗೀಟು ಅಗತ್ಯವಿಲ್ಲವೆಂದಾಗ ಅನೇಕ ಲೇಖಕರು ಒಪ್ಪಲಿಲ್ಲ. ಒಂಟಿಯಾಗಿರುವುದೂ ಮಾತ್ರ ಎಂಬುದೂ ಬೇರೆ ಬೇರೆಯೆಂದು ಕಣ್ಣಿಗೆ ಕಾಣಬೇಕೆಂಬುದು ಅವರ ಹಟ.

ಕ್ರಿಯಾಪದಗಳ ಆಯ್ಕೆಯಲ್ಲೂ ಆ ಭಾಷೆ ಸೂಕ್ಷ್ಮವಾಗಿದೆ. 'ಇರು' ಎಂಬುದಕ್ಕೆ ಅಲ್ಲಿ ಎರಡು ಧಾತುಗಳು. 'ಎಸ್ತಾರ್' ಎಂಬುದನ್ನು ಬಳಸಿ 'ಒಬ್ಬನೇ ಇದ್ದೇನೆ' ಎಂದರೆ ಸದ್ಯದ ಸ್ಥಿತಿ. ಬಾಗಿಲು ತೆರೆದು ಯಾರಾದರೂ ಬಂದರೆ ಅದು ಮುಗಿಯಿತು. 'ಸೆರ್' ಎಂಬುದನ್ನು ಬಳಸಿ 'ನಾನು ಒಂಟಿ ಮನುಷ್ಯ' ಎಂದರೆ ಅದು ಆತನ ಬಾಳಿನ ಲಕ್ಷಣವೇ ಆಗುತ್ತದೆ. ಅಗಲಿದವರನ್ನು ನೆನೆಯುವ ಮಾತುಗಳು ಇನ್ನೂ ಸೊಗಸಾಗಿವೆ. 'ಎಸ್ತ್ರಾನ್ಯಾರ್' ಎಂಬ ಕ್ರಿಯಾಪದಕ್ಕೆ ಪರಕೀಯ, ಹೊರಗಿನದು ಎಂಬರ್ಥದ ಲ್ಯಾಟಿನ್ ಪದವೇ ಮೂಲ; ನೀನಿಲ್ಲದೆ ಎಲ್ಲವೂ ಹೊರಗಿನದಾಗಿ ತೋರುತ್ತದೆಂದು ಅದರ ಧ್ವನಿ. ನಮ್ಮ 'ಪರದೇಶಿ' ನಡೆದುಬಂದ ದಾರಿಯೇ ಇದು. 'ಎಚಾರ್ ದೆ ಮೆನೋಸ್' ಎಂಬ ಇನ್ನೊಂದು ನುಡಿ ಪೋರ್ಚುಗೀಸಿನಿಂದ ಬಂದದ್ದು. ಎಣಿಸಿ ನೋಡಿದಾಗ ಕಡಮೆ ಕಂಡಿತು ಎಂಬುದು ಅದರ ಮೂಲಾರ್ಥ. ನಮ್ಮ 'ಒಂಟಿ'ಯ ಲೆಕ್ಕ ಅಲ್ಲಿದೆ.

ಪದದ ಸಾಹಿತ್ಯಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅದರಲ್ಲಿ ಮೂರು ಎಳೆಗಳಿವೆ. ಮೊದಲನೆಯದು ಸ್ಥಳದ ಎಳೆ. 1613ರಲ್ಲಿ ಪ್ರಚಾರಕ್ಕೆ ಬಂದ ಗೋಂಗೊರಾ ಕವಿಯ ದೀರ್ಘಕಾವ್ಯದ ಹೆಸರು ಸೊಲೆದಾದೆಸ್ ಎಂಬ ಬಹುವಚನ. ಹಡಗು ಒಡೆದು ದಡ ಸೇರಿದ ತರುಣನೊಬ್ಬ ಕುರುಬರ, ಬೆಸ್ತರ ನಡುವೆ ಅಲೆಯುವ ಕಥೆಯದು. ಅಲ್ಲಿ ಆ ಪದಕ್ಕೆ ನಿರ್ಜನವಾದ ಎಡೆಗಳು ಎಂಬರ್ಥವೂ ಉಂಟು. ಎರಡನೆಯದು ಭಕ್ತಿಯ ಎಳೆ. ಸಂತ ಹ್ವಾನ್ ದೆ ಲಾ ಕ್ರೂಜ್ ತನ್ನದೇ ಮತಸಂಘದವರ ಕೈಯಿಂದ 1577ರ ಡಿಸೆಂಬರಿನಲ್ಲಿ ಸೆರೆಯಾಗಿ ತೊಲೆದೋ ನಗರದ ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕಳೆದನು. ದೇವರನ್ನು ನಲ್ಲನೆಂದು ಭಾವಿಸಿ ಹಾಡಿದ ಆತನ ಪ್ರಸಿದ್ಧ ಕಾವ್ಯದ ಬಹುಭಾಗ ಆ ಸೆರೆಯಲ್ಲಿಯೇ ಹುಟ್ಟಿತು. ಅಕ್ಕನು ಅರಮನೆಯಿಂದ ತಾನಾಗಿ ಹೊರಗೆ ನಡೆದಳು; ಹ್ವಾನನನ್ನು ಪರರು ಒಳಗೆ ದೂಡಿ ಬೀಗ ಹಾಕಿದರು. ಹೊರಗಿನಿಂದ ಬಿದ್ದ ಬೀಗವನ್ನು ಆತನು ಒಳಗಿನ ಚಿಲಕವಾಗಿ ಮಾರ್ಪಡಿಸಿಕೊಂಡನು. ಒಂಟಿತನವನ್ನು ಏಕಾಂತವಾಗಿಸುವ ಸಾಧನೆ ಎಂದರೆ ಇದೇ.

ಮೂರನೆಯದು ದುಃಖದ ಎಳೆ. ಮಗನನ್ನು ಕಳೆದುಕೊಂಡ ಮೇರಿಮಾತೆಯನ್ನು ಸ್ಪೇನಿನ ಜನ 'ಸೊಲೆದಾದ್ ಮಾತೆ'ಯೆಂದು ಪೂಜಿಸುತ್ತಾರೆ. ಹೆಣ್ಣುಮಕ್ಕಳಿಗೆ ಆ ಹೆಸರನ್ನೇ ಇಡುತ್ತಾರೆ. ಆಂಡಲೂಸಿಯಾದ ಜನ ಹಾಡುವ 'ಸೊಲೆಯಾ' ಎಂಬ ಹಾಡಿನ ಪ್ರಕಾರದ ಹೆಸರೂ ಇದೇ ಪದದ ಆಡುರೂಪ. ಕವಿ ಲೋರ್ಕಾ 1928ರ ತನ್ನ ಜಿಪ್ಸಿ ಲಾವಣಿಗಳ ಸಂಗ್ರಹದಲ್ಲಿ ಕಪ್ಪು ವ್ಯಥೆಯ ಹೆಣ್ಣೊಬ್ಬಳಿಗೆ ಸೊಲೆದಾದ್ ಮೊಂತೋಯಾ ಎಂದು ಹೆಸರಿಟ್ಟನು. ಆಕೆಯನ್ನು ಹೆಸರು ಹಿಡಿದು ಕರೆದರೆ ಆಕೆಯ ಅವಸ್ಥೆಯನ್ನೂ ಕರೆದಂತಾಗುತ್ತದೆ. ಇದನ್ನು ಕನ್ನಡಿಸುವವನು ಹೆಸರನ್ನು ಉಳಿಸಿಕೊಂಡರೆ ಅರ್ಥ ಹೋಯಿತು. ಅರ್ಥವನ್ನು ಉಳಿಸಿಕೊಂಡರೆ ಹೆಣ್ಣೇ ಹೋದಳು. ಮಗಳಿಗೆ ಒಂಟಿತನವೆಂದು ಹೆಸರಿಡುವ ತಾಯಿ ಕನ್ನಡದಲ್ಲಿಲ್ಲ.

ಈ ಮೂರು ಎಳೆಗಳನ್ನೂ ಹೊಸೆದವನು ಆಂತೋನಿಯೋ ಮಚಾದೋ. ನಮ್ಮ ಉಪಾಧ್ಯಾಯ ಬಂಧುಗಳಿಗೆ ಆತನು ಹತ್ತಿರದವನೆನಿಸಬೇಕು. ಕಾರಣ, ಆತನೂ ಉಪಾಧ್ಯಾಯನೇ. ದಕ್ಷಿಣದ ಸೆವಿಲ್ಯಾದಲ್ಲಿ 1875ರಲ್ಲಿ ಹುಟ್ಟಿ, 1903ರಲ್ಲಿ 'ಸೊಲೆದಾದೆಸ್' ಎಂಬ ಮೊದಲ ಕವನಸಂಗ್ರಹವನ್ನು ತಂದು, 1907ರಲ್ಲಿ ಸೋರಿಯಾ ಎಂಬ ಸಣ್ಣ ಊರಿನ ಶಾಲೆಗೆ ಫ್ರೆಂಚ್ ಭಾಷೆಯ ಅಧ್ಯಾಪಕನಾಗಿ ಹೋದನು. 1909ರಲ್ಲಿ ಮದುವೆ, 1912ರಲ್ಲಿ ಪತ್ನಿಯ ಮರಣ. ಮದುವೆಗೆ ಮೊದಲಿನ ಸಂಗ್ರಹದಲ್ಲಿ ಸಂಜೆಯ ದಾರಿಗಳೂ ಕಾರಂಜಿಯ ಸದ್ದೂ ತುಂಬಿವೆ. ಅಲ್ಲಿಯದು ಬಹುಮಟ್ಟಿಗೆ ಏಕಾಂತ. 1912ರ ಅನಂತರ ಬರೆದ ಕವಿತೆಗಳಲ್ಲಿ ಜೊತೆಗೆ ನಡೆಯಬೇಕಾಗಿದ್ದ ಒಬ್ಬಳು ಇಲ್ಲ, ಅಲ್ಲಿಯದು ಒಂಟಿತನ. ಸ್ಪ್ಯಾನಿಷ್ ವಾಚಕರಿಗೆ ಎರಡಕ್ಕೂ ಒಂದೇ ಪದವಿದೆ, ಬದಲಾದದ್ದು ಬಾಳು. ಕನ್ನಡದ ವಾಚಕರಿಗೆ ಬಾಳಿನೊಡನೆ ಪದವೂ ಬದಲಾಗಬೇಕು.

4

ಈಗ ಮಾರ್ಕ್ವೆಜ್ ಕಾದಂಬರಿಯ ಹೆಸರಿಗೆ ಬರೋಣ. ಮಕೋಂದೋ ಎಂಬ ಕಲ್ಪಿತ ಊರು. ಅದನ್ನು ಕಟ್ಟಿದ ಬುವೆಂದೀಯಾ ಮನೆತನದ ಹಲವು ತಲೆಮಾರು. ಮನೆ ಯಾವಾಗಲೂ ಜನರಿಂದ ತುಂಬಿದೆ. ಅತಿಥಿಗಳು, ಮಕ್ಕಳು, ಜಿಪ್ಸಿಗಳು, ಸೈನಿಕರು ಬರುತ್ತಲೇ ಇರುತ್ತಾರೆ. ಎಣಿಕೆಯ ದೃಷ್ಟಿಯಿಂದ ಅಲ್ಲಿ ಯಾರೂ ಒಂಟಿಯಲ್ಲ. ಹಾಗಾದರೆ ಸೊಲೆದಾದ್ ಎಲ್ಲಿದೆ?

ಅದು ಅವರು ತಾವಾಗಿ ಮುಚ್ಚಿಕೊಂಡ ಬಾಗಿಲುಗಳಲ್ಲಿದೆ. ಕರ್ನಲ್ ಔರೆಲಿಯಾನೋ ಮೂವತ್ತೆರಡು ಯುದ್ಧಗಳನ್ನು ಹೂಡಿ ಎಲ್ಲವನ್ನೂ ಸೋತವನು. ಅಧಿಕಾರದ ಉತ್ತುಂಗದಲ್ಲಿದ್ದಾಗ, ಆತನು ನಿಂತಲ್ಲೆಲ್ಲ ಸುತ್ತಲೂ ಸೀಮೆಸುಣ್ಣದಿಂದ ಒಂದು ವೃತ್ತವನ್ನು ಬರೆಯಬೇಕು. ಅದರೊಳಗೆ ಯಾರೂ, ಹೆತ್ತ ತಾಯಿಯೂ ಸಹ, ಕಾಲಿಡಕೂಡದು. ಮುಪ್ಪಿನಲ್ಲಿ ಆತನು ಕೋಣೆಯೊಳಗೆ ಕುಳಿತು ಚಿನ್ನದ ಪುಟ್ಟ ಮೀನುಗಳನ್ನು ಮಾಡುತ್ತಾನೆ, ಕರಗಿಸುತ್ತಾನೆ, ಮತ್ತೆ ಮಾಡುತ್ತಾನೆ. ಅಮರಾಂತಾ ತನ್ನನ್ನು ಪ್ರೀತಿಸಿದವರನ್ನು ದೂರ ತಳ್ಳಿ, ಸುಟ್ಟ ಕೈಗೆ ಕಪ್ಪು ಪಟ್ಟಿ ಸುತ್ತಿಕೊಂಡು ಸಾಯುವವರೆಗೂ ಬಿಚ್ಚದೆ, ಕೊನೆಗೆ ತನ್ನ ಶವದ ವಸ್ತ್ರವನ್ನು ತಾನೇ ಸಿದ್ಧಪಡಿಸುತ್ತಾಳೆ. ರೆಬೆಕಾ ಗಂಡನು ಸತ್ತ ಮೇಲೆ ಮನೆಯ ಬಾಗಿಲು ಹಾಕಿಕೊಂಡವಳು ಊರಿಗೇ ಮರೆತುಹೋಗುತ್ತಾಳೆ.

ಇವರೆಲ್ಲರ ಸ್ಥಿತಿ ಬಾಗಿಲು ಮುಚ್ಚಿದ ಸ್ಥಿತಿ. ಮುಚ್ಚಿದವರು ಒಳಗಿರುವವರೇ. ಆದುದರಿಂದ ಏಕಾಂತ ಎಂಬ ಪದವನ್ನು ಆರಿಸಿದ್ದು ಸರಿಯೆಂದೇ ನಮ್ಮ ನಿರ್ಣಯ. 'ಒಂಟಿತನ' ಎಂದಿದ್ದರೆ ಅದು ಮೇಲಿನಿಂದ ಎರಗಿದ ವಿಪತ್ತಾಗುತ್ತಿತ್ತು. ವಾಚಕರು ಮನೆತನದ ಬಗ್ಗೆ ಮರುಗಿ ಸುಮ್ಮನಾಗುತ್ತಿದ್ದರು. ಏಕಾಂತ ಎಂಬ ಪದ ಹೊಣೆಯನ್ನು ಅವರ ಮೇಲೆಯೇ ಹೊರಿಸುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಏಕಾಂತವೆಂದರೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು ಋಷಿಯ ಆಶ್ರಮ, ಶರಣನ ಗವಿ, ಕವಿಯ ಬೆಟ್ಟ. ಅದು ಹೊಗಳಿಕೆಯ ಪದ. ಹೀಗಿರುವಲ್ಲಿ, ಪ್ರೀತಿಸಲಾರದೆ ಕ್ಷಯಿಸಿದ ಮನೆತನಕ್ಕೆ ಆ ಪವಿತ್ರವಾದ ಪದ ಸಲ್ಲುವುದೆ? ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಹೆಸರನ್ನು ಮಾತ್ರ ಓದಿದ ವಿದ್ಯಾರ್ಥಿ ಇದೊಂದು ತಪಸ್ಸಿನ ಕಥೆಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಭ್ರಮೆ ಪುಟಪುಟಕ್ಕೂ ಒಡೆಯುತ್ತ ಹೋಗುವುದೇ ಕನ್ನಡ ಓದಿನ ವಿಶೇಷ ಲಾಭ. ಇಬ್ಬರಿಗೂ ಎಡೆಯಿರುವ ನಮ್ಮ ಏಕಾಂತದಲ್ಲಿ ಬುವೆಂದೀಯಾಗಳು ಎರಡನೆಯವರಿಗೆ ಎಡೆ ಕೊಡಲಿಲ್ಲ, ದೇವರಿಗೂ ಕೊಡಲಿಲ್ಲ. ಆ ಕಾರಣದಿಂದಲೇ ಅವರ ಏಕಾಂತ ಒಳಗೊಳಗೇ ಹುಳಿತು ಒಂಟಿತನವಾಯಿತು. ಸಂತ ಹ್ವಾನನು ನಡೆದ ದಾರಿಯನ್ನು ಇವರು ಹಿಂದುಮುಂದಾಗಿ ನಡೆದರು. ಒಳಗಿನಿಂದ ಹಾಕಿದ ಚಿಲಕ ಕಾಲಕ್ರಮದಲ್ಲಿ ಹೊರಗಿನ ಬೀಗವಾಯಿತು. ಸ್ಪ್ಯಾನಿಷ್ ವಾಚಕರಿಗೆ ಈ ಮಾರ್ಪಾಟು ಒಂದೇ ಪದದೊಳಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಒಂದು ಪದದಲ್ಲಿ ಹೊರಟು ಇನ್ನೊಂದು ಪದದಲ್ಲಿ ಬಂದು ನಿಲ್ಲುವ ಕನ್ನಡ ವಾಚಕರು ನಡುವಿನ ಹೆಜ್ಜೆಗಳನ್ನು ಎಣಿಸಬಲ್ಲರು. ನಮ್ಮ ಭಾಷೆಯ ಈ ಇಬ್ಭಾಗ ಬಡತನವಲ್ಲ.

5

ಕನ್ನಡದ ಲೇಖಕರು ಈ ಎರಡು ಪದಗಳ ನಡುವಣ ಎಡೆಯನ್ನು ಹೇಗೆ ಬಳಸಿದ್ದಾರೆಂಬುದಕ್ಕೆ ಎರಡು ಕಾದಂಬರಿಗಳನ್ನು ಮಾತ್ರ ನೋಡೋಣ.

ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರದು. ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ಅಡಿಕೆತೋಟ ಮಾಡಿಕೊಂಡ ಗೋಪಾಲಯ್ಯನವರೂ ಅವರ ಪತ್ನಿಯೂ ಮುಪ್ಪಿನಲ್ಲಿದ್ದಾರೆ. ಮಗ ಮನೆ ಬಿಟ್ಟು ಹೋಗಿದ್ದಾನೆ. ದಾರಿ ತಪ್ಪಿ ಬಂದ ಅತಿಥಿಯೊಬ್ಬನನ್ನು ಅವರು ಉಪಚರಿಸುವ ರೀತಿಯೇ ಕಾದಂಬರಿಯ ಹೆಚ್ಚಿನ ಭಾಗ. ಬೆಟ್ಟವನ್ನು ಕಡಿದು ತೋಟ ಮಾಡಿದ ಗೋಪಾಲಯ್ಯನವರಿಗೆ ಕಾಡು ಒಂದು ಏಕಾಂತ. ಅವರು ಅದನ್ನು ಬೇಕೆಂದು ಪಡೆದವರು. ಆದರೆ ಮನೆಯೊಳಗೆ ಮಗನ ಎಡೆ ಬರಿದಾಗಿದೆ, ಅದು ಒಂಟಿತನ. ಗಂಡಹೆಂಡಿರು ಇಬ್ಬರಿದ್ದೂ ಇಬ್ಬರಿಗೂ ಒಂಟಿತನ. ಕಾರಂತರು ಅದನ್ನು ವ್ಯಾಖ್ಯಾನಿಸಲು ಹೋಗುವುದಿಲ್ಲ. ಅತಿಥಿ ಹೊರಟುನಿಂತಾಗಲೆಲ್ಲ ಆತನನ್ನು ತಡೆದು ನಿಲ್ಲಿಸುವ ಅಕ್ಕರೆಯಲ್ಲಿ, ಬಡಿಸುವ ಕೈಯ ಧಾರಾಳದಲ್ಲಿ ಅದು ಕಾಣುತ್ತದೆ. ಬಿಕೋ ಎನ್ನುವ ಮನೆಯನ್ನು ಊಟೋಪಚಾರದಿಂದ ತುಂಬಿಸುವ ಪ್ರಯತ್ನ ಅದು.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರದು. ಪತ್ನಿಯನ್ನು ಕಳೆದುಕೊಂಡು, ಅಗ್ರಹಾರವನ್ನು ಬಿಟ್ಟು, ತನ್ನೊಳಗಿನ ಗೊಂದಲವನ್ನು ಬಿಡಿಸಿಕೊಳ್ಳಲು ಒಬ್ಬನೇ ನಡೆಯಬೇಕೆಂದು ಹೊರಟ ಪ್ರಾಣೇಶಾಚಾರ್ಯರಿಗೆ ದಾರಿಯಲ್ಲಿ ಪುಟ್ಟನೆಂಬ ಮಾತುಗಾರ ಗಂಟುಬೀಳುತ್ತಾನೆ, ಬಿಟ್ಟರೂ ಬಿಡುವುದಿಲ್ಲ. ಆಚಾರ್ಯರು ಕೋರಿದ್ದು ಏಕಾಂತ. ಆದರೆ ಅವರಿಗೆ ಅರಿವಾಗದಂತೆ ಅವರನ್ನು ಕಾಡುತ್ತಿದ್ದದ್ದು ಒಂಟಿತನ. ಪುಟ್ಟನು ಮೊದಲನೆಯದನ್ನು ಕೆಡಿಸುತ್ತ ಎರಡನೆಯದಕ್ಕೆ ಮದ್ದಾಗುತ್ತಾನೆ. ಒಂದೇ ಪಾತ್ರ ಒಮ್ಮೆಗೇ ಉಪದ್ರವವೂ ಉಪಕಾರವೂ ಆಗುವ ಈ ಸನ್ನಿವೇಶ, ಬೇಡುವುದು ಒಂದಾಗಿ ಬೇಕಾಗಿರುವುದು ಇನ್ನೊಂದಾಗಿರುವ ಮನಸ್ಸನ್ನು ನಮಗೆ ತೋರಿಸುತ್ತದೆ.

6

ಕೊನೆಯದಾಗಿ, ಒಬ್ಬ ವ್ಯಕ್ತಿಯ ಸೊಲೆದಾದ್‌ನಿಂದ ಒಂದು ಸಮೂಹದ ಸೊಲೆದಾದ್‌ಗೆ ಬರಬೇಕು. ಮೆಕ್ಸಿಕೋ ದೇಶದ ಕವಿ ಒಕ್ತಾವಿಯೋ ಪಾಜ್ (1962ರಿಂದ 1968ರವರೆಗೆ ನಮ್ಮ ದೇಶದಲ್ಲಿ ಆ ದೇಶದ ರಾಯಭಾರಿಯಾಗಿದ್ದವರು) 1950ರಲ್ಲಿ ಸೊಲೆದಾದ್ ಎಂಬುದನ್ನೇ ತಮ್ಮ ಪ್ರಬಂಧಗ್ರಂಥದ ಹೆಸರಿನಲ್ಲಿಟ್ಟು, ಅದನ್ನೊಂದು ಸುತ್ತುದಾರಿಯ ಜಟಿಲವ್ಯೂಹವೆಂದು ಕರೆದರು. ಆ ಗ್ರಂಥ ಆರಂಭವಾಗುವುದು ಗಡಿಯಾಚೆಯ ಲಾಸ್ ಏಂಜಲಿಸ್ ನಗರದ ಮೆಕ್ಸಿಕನ್ ತರುಣರಿಂದ. ತಾಯಿನಾಡಿಗೆ ಮರಳಲು ಒಲ್ಲದ, ಇದ್ದ ನಾಡಿನಲ್ಲಿ ಬೆರೆಯಲೂ ಒಲ್ಲದ ಹುಡುಗರು ಅವರು. ಆ ನಗರವು 1848ರವರೆಗೆ ಮೆಕ್ಸಿಕೋಗೆ ಸೇರಿತ್ತೆಂಬುದನ್ನು ನೆನೆದಾಗ, ಗಡಿಯೆಂಬುದು ಎಷ್ಟು ಸುಲಭವಾಗಿ ಜನರನ್ನು ದಾಟಿ ಹೋಗುತ್ತದೆಂಬುದು ತಿಳಿಯುತ್ತದೆ. ನಮ್ಮ ಸೀಮೆಯೂ ಇದ್ದಲ್ಲೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮದರಾಸು ರಾಜ್ಯದಲ್ಲೇ ಉಳಿಯಿತು. ಆ ರಾಜ್ಯಕ್ಕೆ 1969ರಲ್ಲಿ ತಮಿಳುನಾಡು ಎಂಬ ಹೆಸರಾಯಿತು. ಸೇಲಂ ಜಿಲ್ಲೆಯ ಊರುಗಳು 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿದವು. ಊರು ಕದಲಲಿಲ್ಲ, ವಿಳಾಸ ಕದಲಿತು.

ಹೀಗೆಂದು ನಮ್ಮದು ಒಂಟಿತನವೆಂದು ಗೋಳಿಡುವುದು ನಮ್ಮ ಉದ್ದೇಶವಲ್ಲ. ಮೂರು ಭಾಷೆಗಳ ನಡುವೆ ಬೆಳೆಯುವವನು ಒಂಟಿಯಲ್ಲ. ಆತನಿಗೆ ಜೊತೆ ಹೆಚ್ಚು. ಆದರೆ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ತನ್ನ ಮಾತನ್ನು ಕೇಳುವವರು ಕಡಮೆಯಾದರೆ, ಅದನ್ನು ಏಕಾಂತವೆಂದು ಹೊಗಳಿ ಸಮಾಧಾನ ಹೇಳುವುದೂ ಸರಿಯಲ್ಲ. 1982ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸುತ್ತ ಮಾರ್ಕ್ವೆಜ್ ಮಾಡಿದ ಭಾಷಣದ ವಿಷಯ ಲ್ಯಾಟಿನ್ ಅಮೆರಿಕದ ಸೊಲೆದಾದ್. ತಮ್ಮದಲ್ಲದ ಅಳತೆಗೋಲಿನಿಂದ ತಮ್ಮ ಬಾಳನ್ನು ಅಳೆಯುವುದರಿಂದ ಆ ಜನರ ಒಂಟಿತನ ಇಮ್ಮಡಿಸುತ್ತದೆ ಎಂಬುದು ಅವರ ವಾದದ ಸಾರ. ಅಲ್ಲಿಯದು ಒಳಗಿನಿಂದ ಮುಚ್ಚಿದ ಬಾಗಿಲಲ್ಲ. ಆದುದರಿಂದ ಕಾದಂಬರಿಯ ಹೆಸರಿಗೆ ಏಕಾಂತ ಸಲ್ಲುವುದಾದರೂ ಆ ಭಾಷಣದ ಹೆಸರಿಗೆ ಒಂಟಿತನವೇ ಸಲ್ಲಬೇಕು. ಒಬ್ಬನೇ ಲೇಖಕ, ಒಂದೇ ಪದ. ಆದರೂ ಕನ್ನಡವು ಎರಡು ಕಡೆಯೂ ಬೇರೆ ಬೇರೆ ಉತ್ತರ ಕೊಡಬೇಕು.

ಅದೇ ಕಾದಂಬರಿಯಲ್ಲಿ ನಮ್ಮ ಉಪಾಧ್ಯಾಯರೆಲ್ಲರೂ ಓದಬೇಕಾದ ಎರಡು ಸನ್ನಿವೇಶಗಳಿವೆ. ಬುವೆಂದೀಯಾ ಮನೆತನದ ಮೂಲಪುರುಷನು ಬುದ್ಧಿಭ್ರಮಣೆಯಾಗಿ ಅಂಗಳದ ಮರಕ್ಕೆ ಕಟ್ಟಿಹಾಕಲ್ಪಟ್ಟಿದ್ದಾನೆ. ಆತನು ಆಡುವುದೆಲ್ಲ ಅರ್ಥವಿಲ್ಲದ ಗದ್ದಲವೆಂದು ಮನೆಯವರ ಎಣಿಕೆ. ಊರಿಗೆ ಬಂದ ಪಾದ್ರಿ ಕಿವಿಗೊಟ್ಟು ಕೇಳಿದಾಗಲೇ ಅದು ಲ್ಯಾಟಿನ್ ಭಾಷೆಯೆಂದು ತಿಳಿಯುತ್ತದೆ. ಇನ್ನೊಂದು, ರೆಬೆಕಾ ಎಳೆಯ ಮಗುವಾಗಿ ಆ ಮನೆಗೆ ಬಂದ ದಿನದ್ದು. ತಾಯಿತಂದೆಗಳ ಮೂಳೆಗಳ ಚೀಲವನ್ನು ಹೊತ್ತು ಬಂದ ಆ ಪರದೇಶಿ ಮಗು ಯಾರು ಏನು ಕೇಳಿದರೂ ಬಾಯಿ ಬಿಡದು. ಕಿವುಡು ಮೂಗು ಇರಬೇಕೆಂದು ಎಲ್ಲರೂ ನಿಶ್ಚಯಿಸುತ್ತಾರೆ. ಆಗ ಮನೆಯ ಆಳುಗಳಾದ ಬುಡಕಟ್ಟಿನವರು ತಮ್ಮ ನುಡಿಯಲ್ಲಿ, ನೀರು ಬೇಕೇ ಎಂದು ವಿಚಾರಿಸುತ್ತಾರೆ. ಮಗು ಅವರನ್ನು ಗುರುತಿಸಿದಂತೆ ಕಣ್ಣು ಹೊರಳಿಸಿ, ಹೌದೆಂದು ತಲೆಯಾಡಿಸುತ್ತದೆ.

ಮಗು ಮೂಗಾಗಿರಲಿಲ್ಲ, ಆ ವರೆಗೆ ಅದಕ್ಕೆ ತಿಳಿಯುವ ಮಾತಿನಲ್ಲಿ ಯಾರೂ ನೀರು ಬೇಕೇ ಎಂದು ಕೇಳಿರಲಿಲ್ಲ. ತರಗತಿಯಲ್ಲಿ ಸುಮ್ಮನೆ ಕುಳಿತ ವಿದ್ಯಾರ್ಥಿಯನ್ನು ನೋಡಿ ಆತನು ಏಕಾಂತಪ್ರಿಯನೆಂದೋ ಮಂದನೆಂದೋ ಬರೆದಿಡುವ ಮೊದಲು ನಾವು ಕೇಳಬೇಕಾದದ್ದು ಆ ಪ್ರಶ್ನೆಯನ್ನು. ಬಾಗಿಲನ್ನು ಮುಚ್ಚಿದವರಾರು, ಆತನೋ ನಾವೋ, ಎಂಬುದು ಅದರ ಉತ್ತರದಿಂದ ತಿಳಿಯುತ್ತದೆ. ಬಳಸಬೇಕಾದ ಪದ ಯಾವುದೆಂಬುದೂ ಆಗಲೇ ತಿಳಿಯುತ್ತದೆ.